ಪಾರಿತೋಷಿಕ

ಪರಿತೋಷದಿಂದ ಕೊಡುವುದೇ ಪಾರಿತೋಷಿಕವೆಂದು ನಾವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆವು. ಅಮೆರಿಕೆಯ ಟೆಕ್ಸಾಸಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಒಂದು ಭೋಜನಶಾಲೆಯಲ್ಲಿ ಬಡಿಸುವ ಹುಡುಗಿಯು ನಮ್ಮನ್ನು ಬಹಳ ಹೊತ್ತು ಕಾಯಿಸಿದಳು. ಪರಿತೋಷವಿಲ್ಲದ ಮೇಲೆ ಪಾರಿತೋಷಿಕವೆಲ್ಲಿಯದು? ಊಟದ ಬೆಲೆಯನ್ನಷ್ಟೇ ತೆತ್ತು ಎದ್ದೆವು.

ಹೊರಗೆ ಬಂದೊಡನೆ ಮಗನು, “ಅಪ್ಪಾ, ಇಲ್ಲಿ ಅದು ಭಕ್ಷೀಸಲ್ಲ, ಅವರ ಸಂಬಳ” ಎಂದನು. ಭಕ್ಷೀಸು ಪಡೆಯುವವರಿಗೆ ಧಣಿಯು ಗಂಟೆಗೆ 2.13 ಡಾಲರು ಕೊಟ್ಟರೆ ಅಲ್ಲಿ ಸಾಕಂತೆ. ಭಕ್ಷೀಸು ಕೂಡಿಯೂ 7.25 ಆಗದಿದ್ದರೆ ಮಾತ್ರ ಕೊರತೆಯನ್ನು ತುಂಬಬೇಕು. ಆ ಮೊದಲ ಅಂಕಿಯು 1991ರಿಂದ ಕದಲಿಲ್ಲ. ಜಪಾನಿನಲ್ಲಾದರೋ, ಮೇಜಿನ ಮೇಲಿಟ್ಟ ಹಣವನ್ನು ಮರೆತು ಬಿಟ್ಟುದೆಂದು ಬಗೆದು ಬೀದಿಯವರೆಗೂ ತಂದುಕೊಡುವುದುಂಟು.

ನಾವು ಮತ್ತೆ ಒಳಹೊಕ್ಕೆವು. ಹುಡುಗಿಯೊಬ್ಬಳೇ ಎಂಟು ಮೇಜುಗಳಿಗೆ ಓಡಾಡುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ನೂರಕ್ಕೆ ಇಪ್ಪತ್ತರಂತೆ ಎಣಿಸಿ ಕೊಟ್ಟು, ಅವಳ ಮುಖವನ್ನು ನೋಡದೆ ಹೊರಟುಬಂದೆವು.