ಖಳನ ಪಾಲಿನ ರೀಲು

ಬೇಸಿಗೆ ರಜೆಯಲ್ಲಿ ಮಕ್ಕಳು ಸೂಪರ್‌ಮ್ಯಾನ್ ಆಟ ಹೂಡಿದರೆಂದರೆ ಹೆಗಲಿಗೆ ಟವೆಲು ಕಟ್ಟಿಕೊಳ್ಳಲು ನಾ ಮುಂದು ತಾ ಮುಂದು ಎಂದು ಜಗಳ. ಖಳನಾಗಲು ಮಾತ್ರ ಯಾರೂ ಒಪ್ಪುವುದಿಲ್ಲ. ಕೊನೆಗೆ ಎಲ್ಲರಿಗಿಂತ ಚಿಕ್ಕವನೋ, ಬೀದಿಗೆ ಹೊಸದಾಗಿ ಬಂದವನೋ ಆ ಪಾತ್ರಕ್ಕೆ ಗುರಿಯಾಗುತ್ತಾನೆ. ಅವನಿಗೆ ಮಾತಿಲ್ಲ, ಕಥೆಯಿಲ್ಲ. ಏಟು ತಿಂದು ಬೀಳುವುದಷ್ಟೇ ಅವನ ಪಾಲು.

ಬೆಳ್ಳಿತೆರೆಯ ಖಳರ ಪಾಡೂ ಎಷ್ಟೋ ವೇಳೆ ಇದೇ. ಅವರ ಪಾಲಿನ ಮಾತು ಎಷ್ಟು ಉಳಿಯಬೇಕೆಂಬುದನ್ನು ನಿರ್ಧರಿಸುವುದು ಕಥೆಗಾರನೊಬ್ಬನೇ ಅಲ್ಲ, ಸಂಕಲನಕಾರನ ಕತ್ತರಿಯೂ ಹೌದು. ಜನರಲ್ ಜಾಡ್‌ನನ್ನೇ ನೋಡಿ. 1961ರಲ್ಲಿ ಅಮೆರಿಕದ ಕಾಮಿಕ್ಸ್ ಪುಟಗಳಲ್ಲಿ ಹುಟ್ಟಿದ ಈತ ಸೂಪರ್‌ಮ್ಯಾನನ ತವರು ಗ್ರಹ ಕ್ರಿಪ್ಟಾನಿನ ಸೇನಾನಿ. ಅವನನ್ನು ತೆರೆಯ ಮೇಲೆ ಮನೆಮಾತಾಗಿಸಿದವರು ನಟ ಟೆರೆನ್ಸ್ ಸ್ಟ್ಯಾಂಪ್. ನಿರ್ದೇಶಕ ರಿಚರ್ಡ್ ಡಾನರ್ 1977ರಲ್ಲಿ ಸೂಪರ್‌ಮ್ಯಾನ್ ಚಿತ್ರದ ಎರಡು ಭಾಗಗಳನ್ನೂ ಒಟ್ಟಿಗೇ ಚಿತ್ರೀಕರಿಸಲು ತೊಡಗಿದರು. ಮೊದಲನೆಯದು 1978ರಲ್ಲಿ ತೆರೆ ಕಂಡು ಗೆದ್ದಿತು. ಆದರೂ ನಿರ್ಮಾಪಕರಿಗೂ ಅವರಿಗೂ ಸರಿಹೋಗದೆ, ಎರಡನೆಯದನ್ನು ಮುಗಿಸುವ ಕೆಲಸ ರಿಚರ್ಡ್ ಲೆಸ್ಟರ್ ಪಾಲಿಗೆ ಬಂತು. ಡಾನರ್ ತೆಗೆದಿದ್ದ ಎಷ್ಟೋ ದೃಶ್ಯಗಳು ಡಬ್ಬಿ ಸೇರಿದವು. ಅವು ಮತ್ತೆ ಬೆಳಕು ಕಂಡದ್ದು 2006ರಲ್ಲಿ, 'ಡಾನರ್ ಆವೃತ್ತಿ' ಎಂಬ ಹೆಸರಿನಲ್ಲಿ.

ಈ ಎರಡು ಆವೃತ್ತಿಗಳ ಕಾರಣದಿಂದ ಒಂದು ಮನೆಯಲ್ಲಿ ಅಪ್ಪನಿಗೂ ಪಿಯುಸಿ ಓದುವ ಮಗಳಿಗೂ ದೊಡ್ಡ ವಾದವೇ ನಡೆಯಿತು. ಅಪ್ಪ ಹುಡುಗನಾಗಿದ್ದಾಗ ಟಾಕೀಸಿನ ಮುಂದಿನ ಬೆಂಚಿನಲ್ಲಿ ಕೂತು ನೋಡಿದ್ದು ಲೆಸ್ಟರ್ ಮುಗಿಸಿದ ಚಿತ್ರ. ಮಗಳು ಕಂಪ್ಯೂಟರಿನಲ್ಲಿ ನೋಡಿದ್ದು ಡಾನರ್ ಆವೃತ್ತಿ.

"ಐಫೆಲ್ ಗೋಪುರದ ಬಾಂಬನ್ನು ಸೂಪರ್‌ಮ್ಯಾನ್ ಆಕಾಶಕ್ಕೆ ಎಸೀತಾನೆ. ಅದು ಸಿಡಿದು ಜಾಡ್‌ನ ಸೆರೆ ಒಡೆಯುತ್ತೆ ಕಣೇ" ಎಂದರು ಅಪ್ಪ.

"ಇಲ್ಲಪ್ಪ, ಐಫೆಲ್ ಗೋಪುರವೇ ಇಲ್ಲ. ಮೊದಲನೇ ಭಾಗದಲ್ಲಿ ಅವನು ದೂರ ಕಳಿಸಿದ ಕ್ಷಿಪಣಿಯಿಂದಲೇ ಸೆರೆ ಒಡೆಯೋದು. ನೀವು ಬೇರೆ ಯಾವುದೋ ಸಿನಿಮಾ ನೋಡಿದ್ದೀರ."

ಇಬ್ಬರೂ ಸರಿಯೇ. ಲೆಸ್ಟರ್ ಚಿತ್ರದ ಬೀದಿಕಾಳಗದಲ್ಲಿ ಜಾಡ್ ಮತ್ತವನ ಸಂಗಡಿಗರು ಬಿರುಗಾಳಿ ಊದಿದಾಗ ಕೊಡೆ, ಐಸ್‌ಕ್ರೀಮು ಹಾರಿ ನಗೆ ಉಕ್ಕುತ್ತದೆ. ಡಾನರ್ ಆವೃತ್ತಿಯಲ್ಲಿ ಈ ಚೇಷ್ಟೆ ಬಹಳಷ್ಟು ಕಡಿಮೆ. ಹಾಗಾಗಿ ಅದೇ ನಟ, ಅದೇ ಕಪ್ಪು ಉಡುಪು, ಆದರೂ ಜಾಡ್ ಹೆಚ್ಚು ಭಯಂಕರ. ಸೂಪರ್‌ಮ್ಯಾನನ ತಂದೆಯಾಗಿ ಮರ್ಲಾನ್ ಬ್ರಾಂಡೊ ನಟಿಸಿದ್ದ ದೃಶ್ಯಗಳು ಹಣದ ತಕರಾರಿನಿಂದ ಲೆಸ್ಟರ್ ಚಿತ್ರದಲ್ಲಿ ಮಾಯವಾಗಿದ್ದವು. ಅವು ಮರಳಿದಾಗ, ಜಾಡ್ ಯಾರ ಮೇಲೆ ಹಗೆ ಸಾಧಿಸುತ್ತಿದ್ದಾನೆ ಎಂಬುದೂ ಇನ್ನಷ್ಟು ಕಣ್ಣಿಗೆ ಕಟ್ಟುತ್ತದೆ.

2013ರ 'ಮ್ಯಾನ್ ಆಫ್ ಸ್ಟೀಲ್' ಚಿತ್ರದಲ್ಲಿ ಮೈಕೆಲ್ ಶ್ಯಾನನ್ ಆಡಿದ ಜಾಡ್ ಮತ್ತೊಂದು ಬಗೆ. ಕುಲವನ್ನು ಕಾಯುವುದಕ್ಕೆಂದೇ ಹುಟ್ಟಿಸಲಾದ ಸೈನಿಕ ಆತ. ಕಾಯಲು ಕುಲವೇ ಉಳಿಯದಾಗ ಬದುಕಿಗೆ ಅರ್ಥವೇ ಇಲ್ಲದೆ ಸಿಡಿಯುತ್ತಾನೆ. ಅವನ ಕತ್ತು ಮುರಿದ ಸೂಪರ್‌ಮ್ಯಾನ್ ಗೆದ್ದೆನೆಂದು ಬೀಗುವುದಿಲ್ಲ, ಅಳುತ್ತಾನೆ.

ಕತ್ತರಿಯ ಕೈವಾಡಕ್ಕೆ ಇನ್ನೂ ಸ್ಪಷ್ಟ ಉದಾಹರಣೆ 'ಜಸ್ಟಿಸ್ ಲೀಗ್'. ಮಗಳ ಸಾವಿನ ದುಃಖದಲ್ಲಿ ನಿರ್ದೇಶಕ ಜಾಕ್ ಸ್ನೈಡರ್ 2017ರಲ್ಲಿ ಅರ್ಧಕ್ಕೇ ಹೊರನಡೆದರು. ಜಾಸ್ ವೀಡನ್ ಮುಗಿಸಿದ ಚಿತ್ರದ ಅವಧಿ 2 ಗಂಟೆ. 2021ರಲ್ಲಿ ಬಂದ ಸ್ನೈಡರ್ ಆವೃತ್ತಿ 4 ಗಂಟೆಗೂ ಹೆಚ್ಚು. ಮೊದಲನೆಯದರಲ್ಲಿ ಸ್ಟೆಪನ್‌ವುಲ್ಫ್ ಎಂಬ ಖಳ ಲೋಕವನ್ನು ಹಾಳುಗೆಡವಲು ಬಂದ ಕೊಂಬಿನ ದೈತ್ಯ, ಅಷ್ಟೆ. ಎರಡನೆಯದರಲ್ಲಿ ಅವನಿಗೂ ಒಬ್ಬ ಯಜಮಾನನಿದ್ದಾನೆ, ಡಾರ್ಕ್‌ಸೈಡ್. ಹಿಂದೊಮ್ಮೆ ಮಾಡಿದ ದ್ರೋಹಕ್ಕೆ ದಂಡವಾಗಿ ಇನ್ನೂ 50,000 ಲೋಕಗಳನ್ನು ಗೆದ್ದುಕೊಡಬೇಕು. ಆಮೇಲಷ್ಟೇ ಮನೆಗೆ ಮರಳಲು ಅನುಮತಿ. ಸಾಲ ತೀರಿಸಲಾರದೆ ತಲೆ ತಗ್ಗಿಸಿ ನಿಂತ ಆಳಿನ ಮುಖ ಆ ದೈತ್ಯನಿಗೂ ಇದೆ.

"ಹಾಗಂತ ಅವನು ಒಳ್ಳೆಯವನಾದನೇ?" ಎಂದು ಅಪ್ಪ ಕೇಳಿದರು.

"ಇಲ್ಲ. ಯಾಕೆ ಕೆಟ್ಟವನಾದ ಅಂತ ಗೊತ್ತಾಯ್ತು, ಅಷ್ಟೆ. ಎರಡರಲ್ಲೂ ಕೊನೆಗೆ ಸೋಲ್ತಾನಲ್ಲ?"

ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ. ಅದೇ ವಾರ ಏಳನೇ ತರಗತಿಯ ತಮ್ಮನ ಡೈರಿಯಲ್ಲಿ ಕೆಂಪು ಶಾಯಿಯ ದೂರು ಬಂತು: ಪಕ್ಕದ ಹುಡುಗನನ್ನು ಬೆಂಚಿನಿಂದ ನೂಕಿದ್ದಾನೆ, ಪೋಷಕರು ಬಂದು ಕಾಣಬೇಕು. ಅಪ್ಪನ ಕೈ ಮೇಲೆದ್ದಿತ್ತು. ಅಡುಗೆಮನೆಯಿಂದ ಬಂದ ಅಮ್ಮ ಹೇಳಿದ್ದು ಒಂದೇ ಮಾತು: "ಸಿನಿಮಾದ ರಾಕ್ಷಸನಿಗೆ ನಾಲ್ಕು ಗಂಟೆ ಕೊಟ್ಟಿರಿ. ಇವನಿಗೆ ನಾಲ್ಕು ನಿಮಿಷ ಕೊಡಿ."

ನಾಲ್ಕು ನಿಮಿಷ ಸಾಲಲಿಲ್ಲ. ಹುಡುಗನಿಗೆ ಮಾತು ತೊದಲುತ್ತದೆ. ಪಾಠ ಓದಲು ನಿಂತಾಗಲೆಲ್ಲ ಪಕ್ಕದವನು ಅದನ್ನೇ ಅಣಕಿಸಿ ತರಗತಿಯನ್ನು ನಗಿಸುತ್ತಿದ್ದ. ಡೈರಿಗೆ ಬಂದದ್ದು ಕೊನೆಯ ದೃಶ್ಯ ಮಾತ್ರ. ಮರುದಿನ ಅಪ್ಪ ಮಗನಿಂದ ಕ್ಷಮೆ ಕೇಳಿಸಿದರು, ನೂಕಿದ್ದು ತಪ್ಪೇ. ಆದರೆ ಹಿಂದಿನ ದೃಶ್ಯಗಳನ್ನೂ ಮೇಷ್ಟ್ರ ಮುಂದೆ ತಾವೇ ಹೇಳಿದರು. ಅವತ್ತಿನಿಂದ ಹುಡುಗನ ಜಾಗ ಬದಲಾಯಿತು, ಓದುವ ಸರದಿಯಲ್ಲಿ ಅವನಿಗೆ ಹೆಚ್ಚು ಹೊತ್ತು ಸಿಕ್ಕಿತು.

ಹೇಳಿ ಕೇಳಿ ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. ರನ್ನನ 'ಗದಾಯುದ್ಧ'ದ ದುರ್ಯೋಧನನಿಗಾಗಿ ಓದುಗನ ಎದೆ ಮರುಗುತ್ತದೆ. ನಾಗಚಂದ್ರನ ರಾವಣ ಸೀತೆಯ ನಿಷ್ಠೆ ಕಂಡು ಪಶ್ಚಾತ್ತಾಪ ಪಡುತ್ತಾನೆ. ಕುವೆಂಪು ಅವರ ರಾವಣನೂ ಒಳಗೇ ಬದಲಾಗುತ್ತಾನೆ. ಈ ಕವಿಗಳು ಯಾರೂ ಯುದ್ಧದ ಫಲಿತಾಂಶ ತಿದ್ದಲಿಲ್ಲ. ಸೋತವನ ಪಾಲಿನ ಪುಟಗಳನ್ನು ಹರಿದು ಎಸೆಯಲಿಲ್ಲ, ಅಷ್ಟೆ.

ಉದ್ದವಾದ ಆವೃತ್ತಿಯೇ ಸದಾ ಉತ್ತಮ ಎಂದೇನಿಲ್ಲ. ಆಕಳಿಸುತ್ತ ನೋಡಬೇಕಾದವೂ ಉಂಟು. ಆದರೆ ಒಂದೇ ಚಿತ್ರದ ಎರಡು ಆವೃತ್ತಿ ಸಿಕ್ಕರೆ ಅಪ್ಪ ಮಕ್ಕಳು ಜೊತೆಗೆ ಕೂತು ನೋಡಬೇಕು, ಖಳನ ಪಾಲಿನದು ಏನು ಹೋಯಿತು, ಏನು ಉಳಿಯಿತು ಎಂದು ಲೆಕ್ಕ ಹಾಕಬೇಕು. ಸಿನಿಮಾದಲ್ಲಿ ಕತ್ತರಿಸಿದ್ದು ಡಬ್ಬಿಯಲ್ಲಾದರೂ ಇರುತ್ತದೆ. ಮೂವತ್ತು ವರ್ಷ ಕಳೆದ ಮೇಲೂ ತೆಗೆದು ಜೋಡಿಸಬಹುದು. ಮನೆಯ ಮಕ್ಕಳ ಮಾತನ್ನು ಅಂದೇ ಕೇಳಬೇಕು.