ಬಣ್ಣ ನೂಲಿನಲ್ಲಿದೆ

ಬೈಂದೂರಿನಿಂದ ತೆಂಕಣಕ್ಕೆ ಹೊರಟ ಬಸ್ಸು ಮರವಂತೆಯನ್ನು ಸೇರಿದಾಗ ಯಾತ್ರಿಕರೆಲ್ಲ ಕಿಟಕಿಗೆ ಮುಖವಿಟ್ಟರು. ಒಂದು ಮಗ್ಗುಲಲ್ಲಿ ಭೋರ್ಗರೆಯುವ ಕಡಲು, ಇನ್ನೊಂದು ಮಗ್ಗುಲಲ್ಲಿ ಸದ್ದಿಲ್ಲದ ಸೌಪರ್ಣಿಕೆ. ನನ್ನ ಗಮನವೆಲ್ಲ ಮಡಿಲಲ್ಲಿದ್ದ ಗಂಟಿನ ಮೇಲಿತ್ತು. ಅದರೊಳಗಿದ್ದುದು ಜಪಾನಿನ ಹಳೆಯ ರೇಷ್ಮೆಯ ಮೇಲಂಗಿ. ಕಿಮೋನೋದ ಮೇಲೆ ತೊಟ್ಟು, ಎದೆಯ ಬಳಿ ಒಂದು ಹುರಿಯಿಂದ ಕಟ್ಟಿಕೊಳ್ಳುವ ಈ ಉಡುಪಿಗೆ ಅಲ್ಲಿ ‘ಹವೊರಿ’ ಎಂದು ಹೆಸರು. ಬೈಂದೂರಿನಲ್ಲಿರುವ ನನ್ನ ಅಕ್ಕನ ಮಗಳು ಅದನ್ನು ಜಪಾನಿನ ಹಳೆಬಟ್ಟೆಯ ಅಂಗಡಿಯೊಂದರಲ್ಲಿ ಕೊಂಡು ತಂದಿದ್ದಳು. ಅದನ್ನು ಬಲ್ಲವರಿಗೆ ತೋರಿಸಬೇಕೆಂಬುದು ನನ್ನ ಆಸೆ.

ಕುಂದಾಪುರವನ್ನು ದಾಟಿ ಬ್ರಹ್ಮಾವರದಲ್ಲಿ ಇಳಿದು, ಕೇಳುತ್ತ ಕೇಳುತ್ತ ಕೈಮಗ್ಗದ ಮನೆಯೊಂದನ್ನು ಸೇರಿದೆ. “ಹ್ವಾಯ್, ಒಳ್ಗ್ ಬನ್ನಿ, ಕೂಕಣಿ” ಎಂದು ವೃದ್ಧ ನೇಕಾರರು ಸ್ವಾಗತಿಸಿದರು. ಅಂಗಿಯ ಅಂದವನ್ನು ಅವರು ನೋಡಲಿಲ್ಲ; ಅಸ್ತರಿನ ಹೊಲಿಗೆ ಬಿಟ್ಟಿದ್ದ ಕಡೆ ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ನೋಡಿದರು. “ಎರಡೂ ಮೈ ಒಂದೇ ಇತ್ತ್ ಕಾಣಿ. ಬಣ್ಣ ನೂಲಿಗೇ ಹಾಕಿದ್ದ್” ಎಂದರು.

ಅವರ ಮಾತು ಸರಿಯಾಗಿತ್ತು. ನೂಲನ್ನು ಅಲ್ಲಲ್ಲಿ ಬಿಗಿದು ಕಟ್ಟಿ ಬಣ್ಣದಲ್ಲಿ ಅದ್ದಿದರೆ ಕಟ್ಟಿದ ಭಾಗಕ್ಕೆ ಬಣ್ಣ ಹತ್ತದು. ಅಂಥ ನೂಲನ್ನು ಮಗ್ಗಕ್ಕೇರಿಸಿದಾಗ ಚಿತ್ತಾರ ತಾನಾಗಿ ಮೂಡುತ್ತದೆ. ಜಪಾನೀಯರ ‘ಕಸುರಿ’ ಇದೇ. ನಮ್ಮ ಪಾಟಣದ ಪಟೋಲ, ಪೋಚಂಪಲ್ಲಿಯ ಸೀರೆ, ಒಡಿಶಾದ ಬಂಧ ಇವೂ ಇದೇ ಕುಲದವು. 1920–30ರ ದಶಕಗಳಲ್ಲಿ ಜಪಾನಿನ ಹೆಂಗಸರಿಗೆ ಅಚ್ಚುಮೆಚ್ಚಾಗಿದ್ದ ‘ಮೆಯ್ಸೆನ್’ ರೇಷ್ಮೆಯದು ಇನ್ನೊಂದು ಜಾಣ್ಮೆ. ಇಸೆಸಾಕಿ, ಚಿಚಿಬು ಮೊದಲಾದ ಊರುಗಳಲ್ಲಿ ಅದು ಸಿದ್ಧವಾಗುತ್ತಿತ್ತು. ಹಾಸುನೂಲನ್ನು ಮೊದಲು ಸಡಿಲವಾಗಿ ನೇಯ್ದು, ಕೊರೆದ ಅಚ್ಚಿನ ಮೂಲಕ ಬಣ್ಣ ಬಳಿದು, ಆ ತಾತ್ಕಾಲಿಕ ಹೊಕ್ಕನ್ನು ಕಳಚುತ್ತ ಮತ್ತೆ ನೇಯುವುದು! ನೂಲು ಕೂದಲೆಳೆಯಷ್ಟು ಸರಿದರೂ ಹೂವಿನ ಅಂಚು ಮಸುಕಾಗುತ್ತದೆ. ಆ ಮಸುಕೇ ಅದರ ಸೊಬಗು.

ನಮ್ಮ ಉಡುಪಿ ಸೀರೆಯಲ್ಲಿ ಈ ಕಟ್ಟುವ ಕೆಲಸವಿಲ್ಲ. ಆದರೆ ಇಲ್ಲಿಯೂ ನೇಯುವ ಮುನ್ನವೇ ನೂಲಿಗೆ ಬಣ್ಣ. ಬಣ್ಣಬಣ್ಣದ ಎಳೆಗಳು ಸೇರಿ ಪಟ್ಟೆಯೂ ಚೌಕುಳಿಯೂ ಹುಟ್ಟುತ್ತವೆ. ಹತ್ತಿಯ ನೂಲು 40, 60, 80ರ ನಂಬರಿನದು. ಹಾಸಿಗೆ ಮಗ್ಗದ ಮೇಲೆಯೇ ಅಕ್ಕಿಯ ಗಂಜಿ ಸವರಿ, ಆರಿದ ಮೇಲೆ ಲಾಳಿಯನ್ನು ಓಡಿಸುತ್ತಾರೆ. ಈ ಕರಾವಳಿಯಲ್ಲಿ ನೇಯ್ಗೆ ಪದ್ಮಶಾಲಿಗಳ, ಅಂದರೆ ಶೆಟ್ಟಿಗಾರರ, ಕುಲಕಸುಬು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1851ರಲ್ಲಿ ಅಲ್ಲಿ ನೇಯ್ಗೆಯ ಕಾರ್ಖಾನೆ ತೆರೆದು, ಚೌಕಟ್ಟಿನ ಮಗ್ಗವನ್ನು ಬಳಕೆಗೆ ತಂದರು.

“ಇದಕ್ಕೆ ಎಷ್ಟು ಕೊಟ್ಟರು?” ಎಂದು ಅಜ್ಜ ಕೇಳಿದರು. ಹೇಳಿದೆ. ಕೊಂಚ ಹೊತ್ತು ಸುಮ್ಮನಿದ್ದು, “ಅಲ್ಲಿ ನೇಯ್ದವರು ಸತ್ತ ಮೇಲೂ ಬಟ್ಟೆಗೆ ಬೆಲೆಯುಂಟು. ಇಲ್ಲಿ ನಾನು ಬದುಕಿರುವಾಗಲೇ ಸೀರೆಗೆ ಚೌಕಾಸಿ” ಎಂದರು. ಮಗ ಬೆಂಗಳೂರಿನಲ್ಲಿ ನೌಕರಿ ಹಿಡಿದಿದ್ದಾನೆ. ಜೊತೆಗಿದ್ದ ಇನ್ನೊಂದು ಮಗ್ಗದ ಮರ ಈಗ ಹಿತ್ತಿಲ ಬಚ್ಚಲಿನ ತೊಲೆ. ನಾನು ತಲೆ ತಗ್ಗಿಸಿದೆ; ಹೋದ ವರ್ಷವಷ್ಟೇ ಅಂಗಡಿಯೊಂದರಲ್ಲಿ ಹೀಗೆ ಚೌಕಾಸಿ ಮಾಡಿದವರಲ್ಲಿ ನಾನೂ ಒಬ್ಬಳು.

ಆದರೂ ಕಥೆ ಮುಗಿದಿಲ್ಲ. ತೆಂಕಣದ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಂಘದ ಮಗ್ಗಗಳು ಬೆರಳೆಣಿಕೆಯ ವೃದ್ಧರ ಕೈಯಲ್ಲಿ ಉಳಿದಿದ್ದಾಗ, 2018ರಿಂದೀಚೆಗೆ ಕದಿಕೆ ಟ್ರಸ್ಟ್ ಅವರೊಡನೆ ನಿಂತು ಹೊಸಬರಿಗೂ ನೇಯ್ಗೆ ಕಲಿಸುತ್ತಿದೆ. ಉಡುಪಿ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ.

ಏಳುವ ಮುನ್ನ ಹಸಿರು ಮೈಗೆ ಕೆಂಪು ಅಂಚಿನ ಒಂದು ಸೀರೆಯನ್ನು ಹೇಳಿದೆ. ಬೆಲೆ ಕೇಳಲಿಲ್ಲ. “ಮಳೆ ಹಿಡಿದರೆ ಗಂಜಿ ಒಣಗೂದಿಲ್ಲ, ತಡವಾದೀತು” ಎಂದರು ಅಜ್ಜ. ಆಗಲಿ, ಕಾಯುತ್ತೇನೆ ಎಂದೆ. ಅಂಗಳವನ್ನು ದಾಟುವಷ್ಟರಲ್ಲಿ ಹಿಂದೆ ಲಾಳಿಯ ಸದ್ದು ಕೇಳಿಸಿತು.