ಕಾಲು ತುಳಿದಷ್ಟೇ ಬೆಳಕು

ಎಪ್ಪತ್ತರ ದಶಕದ ಕೊನೆಯಲ್ಲಿ ಮಂಡ್ಯದ ಕಡೆ ಮದುವೆ ಗಂಡಿಗೆ ಕೊಡುವ ಸೈಕಲ್ಲಿಗೆ ಡೈನಮೋ ಇರಲೇಬೇಕಿತ್ತು. ಮಾತುಕತೆಯಲ್ಲಿ ವಾಚು, ರೇಡಿಯೋ, ಸೈಕಲ್ಲು ಎಂದು ಪಟ್ಟಿ ಓದಿ ಮುಗಿಸುವಷ್ಟರಲ್ಲಿ ಗಂಡಿನ ಕಡೆಯ ಯಾರಾದರೂ ಹಿರಿಯರು ವೀಳ್ಯ ಮಡಚುತ್ತಲೇ “ಡೈನಮೋ ಸಮೇತ ತಾನೆ?” ಎಂದು ಕೇಳುತ್ತಿದ್ದರು. ಹೆಣ್ಣಿನ ತಂದೆ ತಲೆಯಾಡಿಸುತ್ತಿದ್ದರು. ಮುಂದಿನ ವಾರ ಆ ಸೈಕಲ್ಲು ನಮ್ಮ ಬೀದಿಯ ಶಾಪಿಗೆ ಬರುತ್ತಿತ್ತು. ಅಟ್ಲಾಸೋ ಹರ್ಕ್ಯುಲಿಸೋ, ಹ್ಯಾಂಡಲಿಗೆ ಸುತ್ತಿದ ಕಂದು ಕಾಗದ ಇನ್ನೂ ಬಿಚ್ಚಿರುತ್ತಿರಲಿಲ್ಲ.

ಶಾಪಿನ ಯಜಮಾನರು ಡೈನಮೋ ಕೂರಿಸುವುದನ್ನು ನೋಡಲೆಂದೇ ನಾವು ಹುಡುಗರು ಮೆಟ್ಟಿಲ ಮೇಲೆ ಜಮಾಯಿಸುತ್ತಿದ್ದೆವು. ಸೀಸೆಯಾಕಾರದ ಆ ಉಕ್ಕಿನ ಗೂಡನ್ನು ಚಕ್ರದ ಪಕ್ಕದ ಫೋರ್ಕಿಗೆ ಕ್ಲಾಂಪಿನಿಂದ ಬಿಗಿದು, ಅದರ ಹಲ್ಲುಹಲ್ಲಿನ ತಲೆ ಟಯರಿನ ಪಕ್ಕೆಗೆ ತಾಗುವಂತೆ ಮಾಡುತ್ತಿದ್ದರು. ಎಲ್ಲ ಇದ್ದದ್ದು ಆ ಕೋನದಲ್ಲೇ. ಡೈನಮೋದ ನಡುಗೆರೆ ಚಕ್ರದ ಅಚ್ಚಿನ ಕಡೆಗೆ ನೇರವಾಗಿ ನೋಡಬೇಕು. ಚೂರು ಓರೆಯಾದರೂ ಟಯರು ಸವೆದು ಆರು ತಿಂಗಳಲ್ಲಿ ನೂಲು ಕಾಣುತ್ತಿತ್ತು. ಯಜಮಾನರು ಒಂದು ಕಣ್ಣು ಮುಚ್ಚಿ ನೋಡಿ, ಸ್ಪ್ಯಾನರಿನಿಂದ ಕೂದಲೆಳೆಯಷ್ಟು ತಿರುಗಿಸಿ, ಚಕ್ರವನ್ನು ಕೈಯಿಂದ ಬೀಸಿ ತಿರುಗಿಸುತ್ತಿದ್ದರು. ಒಳಗಿನ ಅಯಸ್ಕಾಂತ ತಂತಿಸುರುಳಿಯ ನಡುವೆ ಗರಗರ ಸುತ್ತಿ, ಹ್ಯಾಂಡಲಿನ ದೀಪ ಹಗಲಲ್ಲೇ ಹಳದಿಯಾಗಿ ಹತ್ತಿದಾಗ ಮದುಮಗನ ತಮ್ಮನ ಮುಖ ನೋಡಬೇಕಿತ್ತು.

ಹೆಚ್ಚಿನ ಡೈನಮೋಗಳ ಮೇಲೆ 6 ವೋಲ್ಟ್, 3 ವ್ಯಾಟ್ ಎಂದು ಅಚ್ಚೊತ್ತಿರುತ್ತಿತ್ತು. ಮುಂದಿನ ಬಲ್ಬಿಗೆ 2.4 ವ್ಯಾಟ್, ಹಿಂದಿನ ಕೆಂಪು ಬಲ್ಬಿಗೆ 0.6. ಈ ಹಂಚಿಕೆಯಲ್ಲೇ ಒಂದು ತೊಡಕಿತ್ತು. ಎರಡರಲ್ಲಿ ಒಂದು ಬಲ್ಬು ಸುಟ್ಟರೆ ಅದರ ಪಾಲಿನ ವಿದ್ಯುತ್ತೂ ಇನ್ನೊಂದಕ್ಕೇ ನುಗ್ಗಿ, ಇಳಿಜಾರಿನಲ್ಲಿ ಅದೂ ಸುಡುತ್ತಿತ್ತು. ಹಾಗಾಗಿ ಮಂಡ್ಯದ ಬಹುಪಾಲು ಜನ ಹಿಂದಿನ ದೀಪದ ತಂಟೆಗೇ ಹೋಗದೆ ಮಡ್‌ಗಾರ್ಡಿಗೆ ಒಂದು ಕೆಂಪು ಗಾಜು ಸಿಕ್ಕಿಸಿ ಸುಮ್ಮನಾಗುತ್ತಿದ್ದರು. ಇನ್ನು, ತುಳಿದರೆ ಬೆಳಕು, ನಿಂತರೆ ಕತ್ತಲು. ಏರು ಹತ್ತುವಾಗ, ಹಳ್ಳ ದಾಟುವಾಗ, ನಾಯಿ ಅಡ್ಡ ಬಂದಾಗ, ಅಂದರೆ ನಿಜಕ್ಕೂ ಬೆಳಕು ಬೇಕಾದಾಗಲೆಲ್ಲ ದೀಪ ಮಂಕಾಗುತ್ತಿತ್ತು. ಮಳೆಯಲ್ಲಂತೂ ಟಯರು ಒದ್ದೆಯಾಗಿ ತಲೆ ಜಾರುತ್ತಿತ್ತು. ಡೈನಮೋವನ್ನು ಟಯರಿಗೆ ಒತ್ತಿದಾಗ ಪೆಡಲು ಎಷ್ಟು ಭಾರವಾಗುತ್ತಿತ್ತೆಂದರೆ, ಬೆಳದಿಂಗಳಿದ್ದರೆ ಜನ ಡೈನಮೋ ಎತ್ತಿಟ್ಟೇ ಹೋಗುತ್ತಿದ್ದರು.

ಆದರೂ ಯಾಕೆ ಹಾಕಿಸುತ್ತಿದ್ದರು ಎಂದರೆ ದಾರಿ ಕಾಣಲಿ ಎಂದಲ್ಲ, ಪೊಲೀಸರಿಗೆ ಕಾಣಲಿ ಎಂದು. ಲೈಟಿಲ್ಲದ ಸೈಕಲ್ಲು, ಡಬಲ್ ರೈಡು, ಲೈಸೆನ್ಸ್ ಬಿಲ್ಲೆಯಿಲ್ಲದ ಸೈಕಲ್ಲು, ಈ ಮೂರು ಅಪರಾಧಗಳಿಗೆ ಸ್ಥಳದಲ್ಲೇ ತೀರ್ಪು. ಪೇದೆ ಬಗ್ಗಿ ವಾಲ್‌ಟ್ಯೂಬು ಕಿತ್ತು ಜೇಬಿಗೆ ಹಾಕಿಕೊಂಡರೆ ಮುಗಿಯಿತು, ಅಲ್ಲಿಂದ ಮನೆಯವರೆಗೆ ತಳ್ಳಿಕೊಂಡು ಹೋಗಬೇಕು. ಡೈನಮೋ ಇಲ್ಲದವರು ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದರಲ್ಲಿ ಬ್ಯಾಟ್ರಿ ಹಿಡಿದು ಬರುತ್ತಿದ್ದರು. ಕಾಗದದ ಪೊಟ್ಟಣದೊಳಗೆ ಮೇಣದ ಬತ್ತಿ ಹಚ್ಚಿಕೊಂಡು ಬಂದವರನ್ನೂ ನೋಡಿದ್ದೇನೆ. ಕಾನೂನು ಲೈಟು ಇರಬೇಕು ಎಂದಿತ್ತೇ ಹೊರತು ಎಂಥ ಲೈಟು ಎಂದು ಪೇದೆ ಕೇಳುತ್ತಿರಲಿಲ್ಲ.

1933ರಲ್ಲಿ ಶುರುವಾದ ಮೈಶುಗರ್ ಕಾರ್ಖಾನೆಯ ರಾತ್ರಿ ಪಾಳಿ ಬಿಟ್ಟಾಗ ಈ ದೀಪಗಳೆಲ್ಲ ಒಟ್ಟಿಗೆ ರಸ್ತೆಗಿಳಿಯುತ್ತಿದ್ದವು. ಎದುರಿನಿಂದ ಕಬ್ಬಿನ ಗಾಡಿಗಳ ಸಾಲು, ಪ್ರತಿ ಗಾಡಿಯ ಅಚ್ಚಿನ ಕೆಳಗೂ ತೂಗುವ ಲಾಟೀನು. ಯಾವ ಬೆಳಕಿಗೂ ಯಾರ ಕಣ್ಣನ್ನೂ ಕುಕ್ಕುವ ತಾಕತ್ತಿರಲಿಲ್ಲ.

ಡೈನಮೋಗೆ ಕೊನೆ ಮೊಳೆ ಹೊಡೆದದ್ದು ಟಿವಿಎಸ್ ಫಿಫ್ಟಿ ಎಂದು ಎಲ್ಲರೂ ಹೇಳುತ್ತಾರೆ. ಹಾಲು ಹಾಕುವವರು, ರೇಷ್ಮೆಗೂಡು ಒಯ್ಯುವವರು ಮೊಪೆಡ್ಡಿಗೆ ಹೋದದ್ದು ನಿಜ. ಶಾಪಿನ ಯಜಮಾನರ ಲೆಕ್ಕ ಬೇರೆ. ತೊಂಬತ್ತರ ದಶಕದಲ್ಲಿ ರೇಂಜರ್ ಸೈಕಲ್ಲು ಬಂತು, ಅದರ ಗುಬುಟುಗುಬುಟಾದ ಟಯರಿನ ಮೇಲೆ ಡೈನಮೋ ತಲೆ ನೆಟ್ಟಗೆ ಓಡುತ್ತಿರಲಿಲ್ಲ, ಕುಣಿಯುತ್ತಿತ್ತು. “ಹುಡುಗ್ರು ಟಯರ್ ನೋಡಿ ಸೈಕಲ್ ತಗೊಂಡ್ರು, ಲೈಟು ಹೋಯ್ತು” ಎನ್ನುತ್ತಿದ್ದರು. 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ಲು ಹಂಚಿದಾಗ ಅದಕ್ಕೊಂದು ಲೈಟು ಇರಬಹುದಿತ್ತಲ್ಲ ಎಂದು ಯಾರಿಗೂ ಅನ್ನಿಸದಷ್ಟು ಅದು ಮರೆತುಹೋಗಿತ್ತು.

ಇದಕ್ಕೆಲ್ಲ ಎಷ್ಟೋ ಮೊದಲೇ ನಾನು ಬೆಟ್ಟಗಳ ಹುಚ್ಚು ಹತ್ತಿಸಿಕೊಂಡಿದ್ದೆ. ಎಂಬತ್ತರ ದಶಕದಲ್ಲಿ ಕುಕ್ಕೆಯಿಂದ ಕುಮಾರಪರ್ವತ ಹತ್ತುವುದೆಂದರೆ ಇಬ್ಬರಿಗೊಂದು ಮೂರು ಶೆಲ್ಲಿನ ಎವರೆಡಿ ಬ್ಯಾಟ್ರಿ. ಶೆಲ್ಲುಗಳ ತೂಕವೇ ಒಂದು ಹೊರೆ. ಮಂಕಾದರೆ ಹಗಲಿಡೀ ಬಂಡೆಯ ಮೇಲೆ ಬಿಸಿಲಿಗಿಟ್ಟು ರಾತ್ರಿಗೆ ಇನ್ನರ್ಧ ಗಂಟೆ ಹಿಂಡುತ್ತಿದ್ದೆವು. ಬ್ಯಾಟ್ರಿ ಹಿಡಿದ ಕೈ ಬೇರೆ ಕೆಲಸಕ್ಕೆ ಬರುವುದಿಲ್ಲ. ದಾರಿ ನಡುವಿನ ಗಿರಿಗದ್ದೆಯ ಭಟ್ಟರ ಮನೆಗೆ ಕತ್ತಲಾದ ಮೇಲೆ ತಲುಪಿದರೆ ಬೇರು ಹಿಡಿಯಲು ಒಂದು ಕೈ, ಜಿಗಣೆ ಕೀಳಲು ಕೈಯೇ ಇಲ್ಲ.

ಹಣೆಗೆ ಕಟ್ಟುವ ದೀಪವನ್ನು ನಾನು ಮೊದಲು ನೋಡಿದ್ದು ಹಿಮಾಲಯದ ಒಂದು ಶಿಬಿರದಲ್ಲಿ, ಫ್ರೆಂಚ್ ಚಾರಣಿಗನೊಬ್ಬನ ತಲೆಯಲ್ಲಿ. ಗುಹೆಗಳ ಶೋಧಕ್ಕಿಳಿಯುತ್ತಿದ್ದ ಫರ್ನಾಂಡ್ ಪೆಟ್ಜಲ್ ಕಟ್ಟಿದ ಕಂಪನಿ 1981ರಲ್ಲಿ ತಂದ ‘ಜೂಮ್’ ಅದು. ಮುಂದೆ ಬಲ್ಬು, ತಲೆಯ ಹಿಂದೆ ಚಪ್ಪಟೆ ಬ್ಯಾಟರಿ, ನಡುವೆ ಎಲಾಸ್ಟಿಕ್ ಪಟ್ಟಿ. ಅವನು ಎರಡೂ ಕೈಯಿಂದ ಶೂ ಲೇಸು ಕಟ್ಟಿಕೊಳ್ಳುವುದನ್ನು ನಾವು ಬಾಯಿ ಬಿಟ್ಟುಕೊಂಡು ನೋಡಿದೆವು. ಬೆಲೆ ಕೇಳಿದ ಮೇಲೆ ಬಾಯಿ ಮುಚ್ಚಿದೆವು.

ಅದೇ ವಸ್ತು ಅಗ್ಗವಾಗಿ ನಮ್ಮ ಸಂತೆಗಳಿಗೆ ಬಂದಾಗ ಮೊದಲು ಕೊಂಡವರು ಚಾರಣಿಗರಲ್ಲ ಎನ್ನುವುದನ್ನು ಹೇಳಲೇಬೇಕು. ಸುಳ್ಯ, ಸುಬ್ರಹ್ಮಣ್ಯದ ಕಡೆ ಬೆಳಗಿನ ಜಾವದ ಬಸ್ಸಿನಲ್ಲಿ ಹೋದರೆ ರಬ್ಬರ್ ತೋಟಗಳೊಳಗೆ ಬೆಳಕಿನ ಚುಕ್ಕಿಗಳು ಮರದಿಂದ ಮರಕ್ಕೆ ಸರಿಯುವುದು ಕಾಣುತ್ತಿತ್ತು. ಟ್ಯಾಪಿಂಗ್ ಮಾಡುವವರು. ತಂಪಿರುವಾಗ ಮರದೊಳಗಿನ ಒತ್ತಡ ಹೆಚ್ಚಿದ್ದು ಹಾಲು ಚೆನ್ನಾಗಿ ಇಳಿಯುತ್ತದೆ, ಬಿಸಿಲೇರಿದರೆ ಬೇಗ ನಿಲ್ಲುತ್ತದೆ. ಹಾಗಾಗಿ ಕತ್ತಲಲ್ಲೇ ಕೆಲಸ, ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈ ಚಿಪ್ಪಿಗೆ. ಆಮೇಲೆ ನಮ್ಮ ಮಂಡ್ಯದ ರೈತರು. ಮೂರು ಫೇಸ್ ಕರೆಂಟು ನಡುರಾತ್ರಿ ಬಂದರೆ ಪಂಪ್‌ಸೆಟ್ ಹಾಕಿ ಮಡೆ ತಿರುಗಿಸಲು ಹೋಗಬೇಕಲ್ಲ, ಗುದ್ದಲಿ ಹಿಡಿದವರಿಗೆ ತಲೆಬ್ಯಾಟ್ರಿಗಿಂತ ಒಳ್ಳೆಯದು ಯಾವುದಿದೆ? ಬೆಂಗಳೂರಿನ ಹುಡುಗರು ಸ್ಕಂದಗಿರಿಗೆ ರಾತ್ರಿ ಚಾರಣ ಶುರುಮಾಡಿ, ಬೆಟ್ಟದುದ್ದಕ್ಕೂ ದೀಪದ ಸಾಲು ಹಚ್ಚಿದ್ದು ಇದಾದ ಮೇಲೆ. ಆ ಗಲಾಟೆಗೂ ಈಗ ಕಡಿವಾಣ ಬಿದ್ದಿದೆ, ಮುಂಗಡ ಕಾಯ್ದಿರಿಸದೆ ಹತ್ತುವ ಹಾಗಿಲ್ಲ. ನನಗೇನೂ ಬೇಸರವಿಲ್ಲ.

ಇದೆಲ್ಲ ಸಾಧ್ಯವಾದದ್ದು ಬಿಳಿ ಎಲ್‌ಇಡಿಯಿಂದ. ಕೆಂಪು, ಹಸಿರು ಎಲ್‌ಇಡಿ ಮೊದಲೇ ಇದ್ದವು, ನೀಲಿ ಮಾತ್ರ ದಶಕಗಳ ಕಾಲ ಕೈಗೆ ಸಿಗಲಿಲ್ಲ. ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರು ಅದನ್ನು ಸಾಧಿಸಿದರು, 2014ರಲ್ಲಿ ಅವರಿಗೆ ನೊಬೆಲ್ ಬಂತು. ನೀಲಿ ಬೆಳಕಿನ ಮೇಲೆ ಹಳದಿ ಫಾಸ್ಫರ್ ಲೇಪ ಹಾಕಿದರೆ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ, ಅಷ್ಟೇ ಗುಟ್ಟು. ಜೊತೆಗೆ ಲಿಥಿಯಂ ಸೆಲ್ಲು ಬಂತು. ಲ್ಯಾಪ್‌ಟಾಪಿನ ಹಳೆ ಬ್ಯಾಟರಿ ಒಡೆದರೆ ಸಿಗುವ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಸೆಲ್ಲುಗಳು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಬಿಡಿಯಾಗಿ ಸಿಗತೊಡಗಿದವು. ಮೋಸವೂ ಜೊತೆಗೇ ಬಂತು. ಈ ಗಾತ್ರದ ಒಳ್ಳೆಯ ಸೆಲ್ಲೇ 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತದೆ. ಅಲ್ಲಿ 9900 ಎಂದು ಬರೆದದ್ದನ್ನು ಮಾರುತ್ತಿದ್ದರು. ನಾನು ಕೊಳ್ಳುವ ಮೊದಲು ತೂಕ ಹಾಕಿಸುತ್ತೇನೆ. ಅಸಲಿಯಾದರೆ 45 ಗ್ರಾಂ ಹತ್ತಿರ ಬರಬೇಕು. ಎಷ್ಟೋ ಸಲ ತಕ್ಕಡಿ ನೋಡಿದ ಮೇಲೆ ಅಂಗಡಿಯವರೇ “ಬೇಡ ಬಿಡಿ ಸಾರ್” ಎಂದು ವಾಪಸ್ ಇಟ್ಟುಕೊಂಡದ್ದುಂಟು.

2010ರ ಆಸುಪಾಸಿನಲ್ಲಿ ಬೆಂಗಳೂರಿನಿಂದ ದೂರದ ಸೈಕಲ್ ಸವಾರಿಗಳು ಶುರುವಾದಾಗ ಹಳೇ ಕಾನೂನು ಬೇರೆ ವೇಷದಲ್ಲಿ ಮರಳಿ ಬಂತು. ಬ್ರೆವೆ ಎನ್ನುತ್ತಾರೆ ಇವನ್ನು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಮೂಲ ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಓಟ. 1891ರಲ್ಲಿ ಶುರುವಾದ ಅದು ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಸುಮಾರು 1200 ಕಿಲೋಮೀಟರನ್ನು 90 ಗಂಟೆಯೊಳಗೆ ಮುಗಿಸಬೇಕು. ನಮ್ಮವರೂ ಹೋಗಿ ಬಂದಿದ್ದಾರೆ. ರಾತ್ರಿ ಸವಾರಿಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ, ಮೈಮೇಲೆ ಹೊಳೆಯುವ ಪಟ್ಟಿಯ ಜಾಕೆಟ್ಟು ಇರದಿದ್ದರೆ ಹೊರಡಲು ಬಿಡುವುದಿಲ್ಲ. ವಾಲ್‌ಟ್ಯೂಬು ಕೀಳುವ ಪೇದೆಯ ಕೆಲಸವನ್ನು ಈಗ ಸ್ವಯಂಸೇವಕರು ನಗುನಗುತ್ತಾ ಮಾಡುತ್ತಾರೆ.

ಆ ಜಾಕೆಟ್ಟಿನ ಬಗ್ಗೆ ಜನಕ್ಕೊಂದು ತಪ್ಪು ತಿಳಿವಳಿಕೆಯಿದೆ. ಗಿಳಿಹಳದಿ ಬಟ್ಟೆ ಹಗಲಿನ, ಮುಸ್ಸಂಜೆಯ ಆಟ. ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿ ಅದು ಕಣ್ಣಿಗೆ ಕಾಣುವ ಬೆಳಕಾಗಿ ಕೊಡುತ್ತದೆ. ಕತ್ತಲಾದ ಮೇಲೆ ಅದಕ್ಕೆ ಕೆಲಸವಿಲ್ಲ. ರಾತ್ರಿ ಕಾಪಾಡುವುದು ಅದರ ಮೇಲೆ ಹೊಲಿದ ಬೂದು ಪಟ್ಟಿ. ಗಾಜಿನ ಪುಟ್ಟ ಮಣಿಗಳೋ ಸಣ್ಣ ಪಟ್ಟಕಗಳೋ ತುಂಬಿದ ಆ ಪಟ್ಟಿ ಲಾರಿಯ ಬೆಳಕನ್ನು ಬಂದ ದಿಕ್ಕಿಗೇ, ಚಾಲಕನ ಕಣ್ಣಿಗೇ ವಾಪಸ್ ಕಳಿಸುತ್ತದೆ. ಇದನ್ನು ಬೆನ್ನಿಗಿಂತ ಕಾಲಿನ ಹರಡಿಗೆ ಕಟ್ಟುವುದು ಮೇಲು. ಮೇಲೆ ಕೆಳಗೆ ಆಡುವ ಎರಡು ಹೊಳಪು ಕಂಡರೆ ಅದು ಮೈಲಿಗಲ್ಲಲ್ಲ, ತುಳಿಯುತ್ತಿರುವ ಮನುಷ್ಯ ಎಂದು ಚಾಲಕನಿಗೆ ದೂರದಿಂದಲೇ ತಿಳಿಯುತ್ತದೆ.

ಇನ್ನು ದೀಪಗಳು. ಮೇಣದ ಬತ್ತಿಯೊಂದು ಕೊಡುವುದು ಹನ್ನೆರಡು ಲ್ಯೂಮೆನ್ ಆಸುಪಾಸು. ಈಗ ವಾರಾಂತ್ಯದಲ್ಲಿ ನಂದಿಬೆಟ್ಟಕ್ಕೆ ಹೊರಡುವವರ ಹ್ಯಾಂಡಲಿನಲ್ಲಿ ಸಾವಿರ ಲ್ಯೂಮೆನ್ನಿನದು, ಹೆಲ್ಮೆಟ್ಟಿನ ಮೇಲೆ ಇನ್ನೊಂದು. ಅದೂ ಮಿಣಮಿಣ ಮಿನುಗುತ್ತಿರಬೇಕು. ಎದುರಿಗೆ ಬರುವವನು ಹಳ್ಳಕ್ಕೆ ಬಿದ್ದರೂ ಸರಿ. ಜರ್ಮನಿಯಲ್ಲಿ ಸೈಕಲ್ ದೀಪ ಮಿನುಗುವ ಹಾಗಿಲ್ಲ, ಬೆಳಕಿನ ಮೇಲಂಚು ಕತ್ತರಿಸಿದಂತೆ ನಿಂತು ಎದುರಿನವರ ಕಣ್ಣಿಗೆ ಹೊಡೆಯದಂತಿರಬೇಕೆಂಬ ನಿಯಮವಿದೆ. ಅಲ್ಲಿ ಡೈನಮೋ ಕೂಡ ಸತ್ತಿಲ್ಲ. ಟಯರು ಬಿಟ್ಟು ಮುಂಚಕ್ರದ ಹಬ್ಬಿನೊಳಗೆ ಸೇರಿಕೊಂಡಿದೆ, ನಿಂತರೂ ಕೆಲ ನಿಮಿಷ ಉರಿಯುವ ದೀಪ ಅದಕ್ಕೆ. ಅದನ್ನು ತರಿಸಿಕೊಂಡವರು ನಮ್ಮಲ್ಲೂ ಕೆಲವರಿದ್ದಾರೆ, ಮಂಡ್ಯದ ಮದುವೆ ಗಂಡುಗಳಷ್ಟೇ ಹೆಮ್ಮೆಯಿಂದ ತೋರಿಸುತ್ತಾರೆ.

ನನಗೆ ಕಸಿವಿಸಿಯಾಗುವುದು ಬೇರೆ ಕಾರಣಕ್ಕೆ. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಸೈಕಲ್ಲು, ಬೈಕು, ಆಟೋ ಹತ್ತುವ ಹಾಗಿಲ್ಲ. ಎಲ್ಲ ಪಕ್ಕದ ಸರ್ವಿಸ್ ರಸ್ತೆಗೆ. ಅಲ್ಲಿ ಜಾವದ ಹೊತ್ತು ಹೊಳೆಯುವ ಜಾಕೆಟ್ಟಿನ ನಾವು ಒಂದು ಕಡೆ, ಡೇರಿಗೆ ಹಾಲಿನ ಕ್ಯಾನು ಕಟ್ಟಿಕೊಂಡ, ಸೊಪ್ಪಿನ ಹೊರೆ ಹೇರಿಕೊಂಡ, ಗಾರ್ಮೆಂಟ್ಸ್ ಗೇಟಿನ ಕಾವಲು ಮುಗಿಸಿ ಬರುವ ಹಳೇ ಸೈಕಲ್ಲುಗಳು ಇನ್ನೊಂದು ಕಡೆ. ಅವಕ್ಕೆ ಡೈನಮೋ ಇಲ್ಲ, ಎಲ್‌ಇಡಿ ಇಲ್ಲ, ಮಡ್‌ಗಾರ್ಡಿನ ಕೆಂಪು ಗಾಜೂ ಉದುರಿದೆ. ಪೇದೆಗೂ ಈಗ ಸೈಕಲ್ಲು ಲೆಕ್ಕಕ್ಕಿಲ್ಲ. ಹಾಲಿನವರೊಬ್ಬರನ್ನು ಕೇಳಿದೆ. “ಹುಟ್ಟಿದಾಗಿಂದ ಓಡಾಡೋ ದಾರಿ ಕಣಣ್ಣ, ನಂಗ್ಯಾಕೆ ಬೆಳಕು?” ಎಂದರು. ದಾರಿ ಅವರಿಗೆ ಗೊತ್ತು. ಹಿಂದಿನಿಂದ ಬರುವ ಕಬ್ಬಿನ ಟ್ರ್ಯಾಕ್ಟರಿಗೆ ಅವರು ಗೊತ್ತಿಲ್ಲ. ಯುಎಸ್‌ಬಿಯ ದೀಪ ಕೊಡಬಹುದು, ಆದರೆ ಅದಕ್ಕೆ ವಾರವಾರ ಚಾರ್ಜು ಬೇಕು. ಕೆಟ್ಟರೆ ನಮ್ಮ ಶಾಪಿನಲ್ಲಿ ರಿಪೇರಿಯಿಲ್ಲ, ಎಸೆಯಬೇಕು.

ಶಾಪನ್ನು ಈಗ ಯಜಮಾನರ ಮಗ ನೋಡಿಕೊಳ್ಳುತ್ತಾನೆ. ಗಾಜಿನ ಕಪಾಟಿನಲ್ಲಿ ದೀಪಗಳು, ಹೆಲ್ಮೆಟ್ಟುಗಳು. ಎಂಬತ್ತು ದಾಟಿದ ತಂದೆ ಒಳಗೆ ಸ್ಟೂಲಿನ ಮೇಲೆ ಕೂತಿರುತ್ತಾರೆ, ಪಕ್ಕದಲ್ಲೊಂದು ಕೆಂಪು ರೇಡಿಯಂ ಟೇಪಿನ ಸುರುಳಿ. ಪಂಕ್ಚರಿಗೆ ಬಂದ ಯಾವ ಹಳೇ ಸೈಕಲ್ಲನ್ನೂ ಹಿಂದಿನ ಮಡ್‌ಗಾರ್ಡಿಗೆ ಒಂದು ತುಂಡು ಅಂಟಿಸದೆ ಬಿಡುವುದಿಲ್ಲ, ಕಾಸೂ ತೆಗೆದುಕೊಳ್ಳುವುದಿಲ್ಲ. ಮೊನ್ನೆ ಒಬ್ಬ ಹುಡುಗ ಗೊಣಗಿದ.

“ತಾತ, ಕೆಂಪು ಬ್ಯಾಡ, ಹಳದಿ ಹಾಕಿ. ಸೈಕಲ್ಲಿಗೆ ಮ್ಯಾಚ್ ಆಯ್ತದೆ.”

“ಹಿಂದಕ್ಕೆ ಕೆಂಪೇ ಕಣ್ಲಾ ಮಗ. ಹಳದಿ ಬೇಕಾದ್ರೆ ಪೆಡಲಿಗೆ ಹಾಕ್ತೀನಿ, ಎತ್ತು ಸೈಕಲ್ಲ.”